ಗೆರೆ ದಾಟಿದ ಹಳದಿ

ಫಿಲಡೆಲ್ಫಿಯಾದ ಎಷ್ಟೋ ಗೋಡೆಚಿತ್ರಗಳಲ್ಲಿ ಲೊರೆಟಾ ಪಿಂಕ್ನಿಯ ಕೈಯಿದೆ, ಹೆಸರು ಮಾತ್ರ ಎಲ್ಲೂ ಇಲ್ಲ. ಅವಳ ಕೆಲಸವೇ ಅಂಥದ್ದು. ಕಲಾವಿದರು ತೆಳುಬಟ್ಟೆಯ ಮೇಲೆ ಗೆರೆ ಎಳೆದು, ಎಲ್ಲಿ ಯಾವ ಬಣ್ಣವೆಂದು ಅಂಕಿ ಹಾಕಿಕೊಡುತ್ತಾರೆ. ಬಟ್ಟೆ ಚರ್ಚಿಗೆ, ಶಾಲೆಗೆ, ಹಾಸಿಗೆ ಹಿಡಿದವರ ಮಡಿಲಿಗೂ ಹೋಗುತ್ತದೆ. ಏಣಿ ಹತ್ತಲಾರದವರೂ ಬಣ್ಣ ತುಂಬುತ್ತಾರೆ. ಅದನ್ನು ಗೋಡೆಗೆ ಅಂಟಿಸುವ ಮುನ್ನ ಲೊರೆಟಾ ಒಬ್ಬಳೇ ಕೂತು, ಗೆರೆ ದಾಟಿದ್ದನ್ನೆಲ್ಲ ಸದ್ದಿಲ್ಲದೆ ತಿದ್ದುತ್ತಿದ್ದಳು. ಕೆಳಗೆ ಫಲಕ ಬೇರೆ, ಕೇರಿಯವರೆಲ್ಲ ಸೇರಿ ಬರೆದದ್ದು ಎಂದು. ತಿದ್ದಿದ್ದು ಯಾರಿಗೂ ಗೊತ್ತಾಗುವುದಿಲ್ಲವೆಂದು ಅವಳಿಗೆ ಒಳಗೊಳಗೇ ಜಂಬ.

ಹಾಗೆ ತಿದ್ದಿದ ಸೂರ್ಯಕಾಂತಿಗಳ ಗೋಡೆಯೊಂದು ಬಿಸಿಲಿಗೆ ಮಾಸಿತ್ತು. ಮೊದಲಿದ್ದಂತೆಯೇ ಉಳಿಸಿಕೊಡು ಎಂದು ಅವಳನ್ನೇ ಕಳಿಸಿದರು. ಎದುರುಮನೆಯ ಮುದುಕ ಓಡೆಲ್ ದಿನಾ ಪ್ರೆಟ್ಜೆಲ್ ಎಂಬ ಉಪ್ಪು ರೊಟ್ಟಿ ಕಚ್ಚುತ್ತ ಬಂದು ನಿಲ್ಲುತ್ತಿದ್ದ.

"ಮಿಸ್ ಲೊರೆಟಾ, ಹೋದ ವಾರಾನೂ ನೀನು ಇದೇ ಹೂವಿಗೆ ಬಳೀತಿದ್ದೆ. ಗಂಟೆ ಲೆಕ್ಕದ ಸಂಬಳಾನಾ?"

"ನಿನ್ನ ಬಾಯಿಗೂ ಒಂದು ಕೋಟು ಬಳೀಲಾ?"

ಓಡೆಲ್ ನಕ್ಕ. ಆಮೇಲೆ ಗೋಡೆಯನ್ನೇ ನೋಡುತ್ತ ಹೇಳಿದ: "ನನ್ನ ಹೆಂಡ್ತಿ ಅಲ್ಬರ್ಟಾ ಕೊನೇ ದಿನಗಳಲ್ಲಿ ಹಾಸಿಗೆ ಮೇಲೇ ಕೂತು ಒಂದು ಸೂರ್ಯಕಾಂತಿ ತುಂಬಿದ್ಲು. ಎಲ್ಲಾ ಹೂವೂ ಒಂದೇ ಥರ ಇದಾವಲ್ಲ, ಅದಕ್ಕೇ ಬೇಕಂತ ಒಂದೆಸಳು ಗೆರೆ ದಾಟ್ಸಿದೀನಿ, ಅದನ್ನ ನೋಡಿ ನನ್ನ ಹುಡುಕು ಅಂದಿದ್ಲು. ಇಷ್ಟು ವರ್ಷ ಆಯ್ತು, ಹುಡುಕ್ತಾನೇ ಇದೀನಿ. ನನ್ನ ಕಣ್ಣೇ ಕೈ ಕೊಡ್ತೇನೋ."

ಲೊರೆಟಾ ಕುಂಚ ಕೆಳಗಿಟ್ಟಳು. ಆ ಎಸಳು ಅವಳಿಗೆ ಚೆನ್ನಾಗಿ ನೆನಪಿತ್ತು. ಪಾಪ, ಯಾರದೋ ಕೈ ನಡುಗಿದೆ ಎಂದುಕೊಂಡೇ ಅದರ ಮೇಲೆ ಆಕಾಶದ ನೀಲಿ ಬಳಿದಿದ್ದಳು. ವಯಸ್ಸಾಯಿತು ಬಿಡು ಎಂದು ಈಗಲೂ ಮಾತು ಹಾರಿಸಬಹುದಿತ್ತು.

"ನಿನ್ನ ಕಣ್ಣು ಸರಿಯಾಗೇ ಇದೆ, ಓಡೆಲ್. ನಾನೇ ಅದನ್ನ ಮುಚ್ಚಿಬಿಟ್ಟೆ."

ಅವನ ಬಾಯಿ ಅಗಿಯುವುದನ್ನು ನಿಲ್ಲಿಸಿತು. "ಎಲ್ಲಿ?"

ಲೊರೆಟಾ ತೋರಿಸಿದಳು.

"ಕೆರೆದ್ರೆ ಬರಲ್ವಾ?"

"ನನ್ನ ನೀಲಿ, ಕೆಳಗಿನ ಅವಳ ಹಳದಿ, ಎರಡೂ ಕಿತ್ಕೊಂಡು ಬರ್ತವೆ. ಬೇಕಾದ್ರೆ ಮೇಲೆ ಹಳದಿ ಹಾಕ್ಕೊಡ್ತೀನಿ."

"ನಿನ್ನ ಹಳದಿ ತಗೊಂಡು ನಾನೇನು ಮಾಡ್ಲಿ?"

ಓಡೆಲ್ ಆ ನೀಲಿಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಕೆಲಸ ಮುಗಿದ ಮೇಲೆ ಉಸ್ತುವಾರಿಯವನು ಬಂದು ನೋಡಿದ. "ಇಲ್ಲಿ ಅಂಗೈಯಗಲ ಹಳೇ ನೀಲಿ ಹಂಗೇ ಉಳಿದಿದೆಯಲ್ಲ?"

"ಗೊತ್ತು. ಅದರ ಮೇಲೆ ನಾನು ಇನ್ನೊಂದ್ಸಲ ಬಳಿಯಲ್ಲ," ಎಂದಳು ಲೊರೆಟಾ.

ಅವಳು ತಿದ್ದಿದ್ದ ಉಳಿದ ಹೂಗಳೆಲ್ಲ ಅಚ್ಚುಕಟ್ಟಾಗಿದ್ದವು. ಅವುಗಳತ್ತ ನೋಡಲು ಅವಳಿಗೆ ಮುಖವಿರಲಿಲ್ಲ.