ಬರಿ ಮಗ್ಗ ತೋರಿಸುವುದು ಹೇಗೆ?

ಸೋಮವಾರ ಬೆಳಿಗ್ಗೆ ನಾನು ನೇಕಾರನಾದೆ. ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೆ ಗುಮಾಸ್ತನಾದೆ. ನಡುವಿನ ಮೂರು ತಾಸಿನಲ್ಲಿ ಒಂದು ಮನೆಯನ್ನು ಅಚ್ಚುಕಟ್ಟಾಗಿ ಮುಳುಗಿಸಿದೆ. ಇಷ್ಟು ಕಡಿಮೆ ಹೊತ್ತಿನಲ್ಲಿ ಇಷ್ಟೊಂದು ಕೆಲಸವನ್ನು ನಾನು ನಮ್ಮ ಹತ್ತಿ ಜಿನ್ನಿನ ಆಫೀಸಿನಲ್ಲಿ ಎಂದೂ ಮಾಡಿದ್ದಿಲ್ಲ.

(ಜಿನ್ನು ಈಗ ವಾರಕ್ಕೆ ಮೂರೇ ದಿನ ತಿರುಗುತ್ತದೆ. ಉಳಿದ ದಿನ ನಾನು ಊರವರನ್ನು ಅಣಕಿಸುತ್ತ ತಿರುಗುತ್ತೇನೆ. ಈ ಪತ್ರಿಕೆಯ ಸಂಪಾದಕರ ಕೆಮ್ಮನ್ನೂ ಕೆಮ್ಮಬಲ್ಲೆ. ಈ ಸಾಲು ಅಚ್ಚಾಗಿದ್ದರೆ ಅವರು ದೊಡ್ಡ ಮನುಷ್ಯರು ಎಂದು ತಿಳಿಯಿರಿ.)

ಆದವಾನಿಯ ನಮ್ಮ ಓಣಿಯ ಕೊನೆಗೆ ಈರಣ್ಣನ ಜಮಖಾನೆ ಕಾರ್ಖಾನೆ ಇದೆ. ಕಾರ್ಖಾನೆ ಎಂದರೆ ಹೊಗೆ, ಸಿಳ್ಳು, ಗೇಟು ಎಂದೆಲ್ಲ ಎಣಿಸಬೇಡಿ. ಒಂದು ಉದ್ದ ಪಡಸಾಲೆ, ಅದರಲ್ಲಿ ನಾಲ್ಕು ಮಗ್ಗ. ಜಮಖಾನೆಯ ಮಗ್ಗಕ್ಕೆ ಇಬ್ಬರು ಜೋಡಿಯಾಗಿ ಕೂಡಬೇಕು. ಒಬ್ಬ ಎಡದಿಂದ ನೂಲು ತರುತ್ತಾನೆ, ಇನ್ನೊಬ್ಬ ಬಲದಿಂದ. ನಡುವೆ ಇಬ್ಬರ ನೂಲೂ ಕೂಡಿದ ಮೇಲೆ ಕಬ್ಬಿಣದ ಹಲ್ಲಿನ ಪಂಜದಿಂದ ಬಡಿದು ಗಟ್ಟಿ ಮಾಡುತ್ತಾರೆ. ಒಬ್ಬನೇ ನೇಯಲಾಗದು. ಈರಣ್ಣನ ಜೋಡಿ ಹುಸೇನಪ್ಪ. ಮೀಸೆ ಮೂಡುವ ಮೊದಲು ಒಂದೇ ಮಗ್ಗಕ್ಕೆ ಕೂತವರು, ಈಗ ಇಬ್ಬರ ಮೀಸೆಯೂ ಬೆಳ್ಳಗಾಗಿದೆ. ಮಾಲೀಕ ಯಾರು, ಕೂಲಿ ಯಾರು ಎಂದು ಹೊಸಬರಿಗೆ ತಿಳಿಯುವುದಿಲ್ಲ; ಇಬ್ಬರೂ ಒಬ್ಬರನ್ನೊಬ್ಬರು ಅಷ್ಟೇ ಬೈಯುತ್ತಾರೆ.

ಆದರೆ ಈ ಮುಗ್ಗಟ್ಟು ಬಂತಲ್ಲ! ಹತ್ತಿಯ ಧಾರಣೆ ಬಿತ್ತು. ಅದರ ಹಿಂದೆಯೇ ಎಲ್ಲವೂ ಬಿತ್ತು. ಮದುವೆಗೆಂದು ಜಮಖಾನೆ ಕೊಳ್ಳುತ್ತಿದ್ದ ಹೊಳಗುಂದದ ರೈತ ಈಗ ಬೀಗರನ್ನು ಈಚಲ ಚಾಪೆಯ ಮೇಲೆ ಕೂಡಿಸುತ್ತಾನೆ. ಬೀಗರೂ ಸಿಟ್ಟಾಗುವುದಿಲ್ಲ. ಅವರ ಮನೆಯಲ್ಲೂ ಅದೇ ಚಾಪೆ! ಈರಣ್ಣನ ಮಗ್ಗಗಳು ಒಂದೊಂದಾಗಿ ನಿಂತವು. ನೇಕಾರರು ಕೆಲವರು ರಸ್ತೆಗೆ ಜಲ್ಲಿ ಒಡೆಯಲು ಹೋದರು, ಕೆಲವರು ಮುಂಬಯಿಗೆ. ಉಳಿದವನು ಹುಸೇನಪ್ಪ ಒಬ್ಬ. ಅವನಿಗೂ ಸೊಲ್ಲಾಪುರದ ಮಿಲ್ಲಿನಲ್ಲಿರುವ ಭಾವಮೈದುನನಿಂದ ಕಾಗದ ಬಂದಿತ್ತು: ಶುಕ್ರವಾರದ ಗಾಡಿಗೆ ಹತ್ತಿ ಬಾ, ಕೆಲಸ ಉಂಟು.

ಹುಸೇನಪ್ಪ ಹೋದರೆ ಈರಣ್ಣನಿಗೆ ಜೋಡಿಯಿಲ್ಲ. ಜೋಡಿಯಿಲ್ಲದ ಮೇಲೆ ಕಾರ್ಖಾನೆ ಎಲ್ಲಿಯದು?

ಇಂಥ ಹೊತ್ತಿನಲ್ಲಿ ಸರ್ಕಾರ ಕಣ್ಣು ತೆರೆಯಿತು. (ಹೌದು, ನಾನೇ ಬರೆಯುತ್ತಿದ್ದೇನೆ. ಹೊಗಳುವಾಗ ನನ್ನ ದನಿ ನನಗೇ ಗುರುತು ಸಿಕ್ಕುವುದಿಲ್ಲ.) ನಿಂತುಹೋದ ಮಗ್ಗಗಳಿಗೆ ನೇಕಾರರ ಸಂಘದ ಕೈಯಿಂದ ನೂಲು ಕೊಡುವುದು, ನೇಯ್ದ ಮಾಲನ್ನು ಶಾಲೆಗೆ, ಆಸ್ಪತ್ರೆಗೆ, ಕಚೇರಿಗೆ ಸರ್ಕಾರವೇ ಕೊಳ್ಳುವುದು. ಕೈಕಸುಬು ಬಲ್ಲವನು ಊರು ಬಿಡಬಾರದು, ಚಿಕ್ಕ ಕಾರ್ಖಾನೆಗೆ ಬೀಗ ಬೀಳಬಾರದು ಎಂಬ ಎಣಿಕೆ. ಯಾವ ಮಗ್ಗ ನಿಂತಿದೆ ಎಂದು ಇನ್ಸ್‌ಪೆಕ್ಟರೇ ಬಂದು ಕಣ್ಣಾರೆ ನೋಡಿ ಬರೆದುಕೊಳ್ಳುತ್ತಾರೆ.

ಇದಕ್ಕಿಂತ ಸುಲಭ ಏನಿದೆ? ಮಗ್ಗ ನಿಂತಿದೆ. ಬರುತ್ತಾರೆ. ನೋಡುತ್ತಾರೆ. ಬರೆಯುತ್ತಾರೆ.

ನಮ್ಮ ಓಣಿಯಲ್ಲಿ ಅಷ್ಟು ಸುಲಭವಿಲ್ಲ ಸ್ವಾಮಿ. ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ನೂಲಿಗೆ ಹಾಸು ಎನ್ನುತ್ತಾರೆ. ಹಾಸಿಲ್ಲದ ಬರಿ ಮಗ್ಗವನ್ನು ಬಂದವರ ಕಣ್ಣಿಗೆ ಬೀಳಿಸುವುದೆಂದರೆ, ಬೀಗರ ಮುಂದೆ ರುಮಾಲಿಲ್ಲದೆ ನಿಂತ ಹಾಗೆ. ಒಂದು ಜಮಖಾನೆ ಇಳಿಸಿದ ದಿನವೇ ಇನ್ನೊಂದರ ಹಾಸು ಏರಿಸುತ್ತಾರೆ. ಏರಿಸಲು ಆಗದಿದ್ದರೆ ಮಗ್ಗಕ್ಕೆ ದುಪ್ಪಟಿ ಹೊದಿಸಿ ಬಾಗಿಲು ಮುಂದೆ ಮಾಡುತ್ತಾರೆ. ಅಂಥದರಲ್ಲಿ ಬರುವವರು ಸರ್ಕಾರದ ಮನುಷ್ಯರು. ಬೂಟು ಹಾಕಿಕೊಂಡು ಬರುವವರು!

ಭಾನುವಾರ ಈರಣ್ಣ ಎದುರು ಮನೆಯ ಖಾದರ್ ಸಾಹೇಬರಿಂದ ನೂಲು ಕಡ ತಂದು ನಾಲ್ಕೂ ಮಗ್ಗಕ್ಕೆ ಹಾಸು ಏರಿಸಿದ. ಖಾದರ್ ಸಾಹೇಬರವೂ ಜಮಖಾನೆ ಮಗ್ಗಗಳೇ, ಎರಡು ಇವೆ, ಕುಂಟುತ್ತಲಾದರೂ ಇನ್ನೂ ಓಡುತ್ತಿವೆ. ನಂತರ ನನ್ನನ್ನು ಕರೆದರು. ಏಕೆ? ರಿಹರ್ಸಲ್‌ಗೆ! ನಾನು ಇನ್ಸ್‌ಪೆಕ್ಟರು. ಅವರನ್ನು ಒಮ್ಮೆ ಸ್ಟೇಷನ್ನಿನಲ್ಲಿ ಕಂಡಿದ್ದೆ. ನನಗೆ ಅಷ್ಟು ಸಾಕು.

ಬಗಲಲ್ಲಿ ಕೊಡೆ ಸಿಕ್ಕಿಸಿ, ಹೊಟ್ಟೆ ಮುಂದೆ ಮಾಡಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೆಲಸ ಹೇಗಿದೆ ಎಂದು ಕೇಳಿದೆ: “ಏಮಯ್ಯಾ ಈರಣ್ಣಾ, ಪನಿ ಎಲಾ ನಡೀತದೆ?”

“ನಿಮ್ಮ ದಯದಿಂದ ಚಲೋ ಐತಿ ಸಾರ್” ಎಂದ ಈರಣ್ಣ.

“ತೊಂದರೆ ಏಮೈನಾ?”

“ಛೇ ಛೇ, ಏನಿಲ್ರಿ.”

“ಭಲೇ ಈರಣ್ಣಾ!” ಎಂದು ನಾನು ಚಪ್ಪಾಳೆ ತಟ್ಟಿದೆ. ಹುಸೇನಪ್ಪ ನಕ್ಕ. ಖಾದರ್ ಸಾಹೇಬರು “ವಾಹ್, ಅಸಲಿಗಿಂತ ನಕಲಿ ಜೋರ್ ಐತಿ” ಎಂದರು. ಅಷ್ಟು ಜನರಲ್ಲಿ ಒಬ್ಬರಿಗಾದರೂ ಹೊಳೆಯಬೇಕೇ? ಹೊಳೆಯಲಿಲ್ಲ. ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ ನೀವೇನು ಹೇಳುತ್ತೀರಿ? ಹಲ್ಲು ನೋವಿದ್ದರೂ ಚೆನ್ನಾಗಿದ್ದೇನೆ ಎನ್ನುವುದಿಲ್ಲವೇ? ಅದೇ ಚಾಳಿ.

ಸೋಮವಾರ ಇನ್ಸ್‌ಪೆಕ್ಟರು ಬಂದರು. ನಾಲ್ಕು ಮಗ್ಗಕ್ಕೆ ಎಂಟು ಜನ ಬೇಕಲ್ಲ, ಓಣಿಯವರೆಲ್ಲ ರುಮಾಲು ಸುತ್ತಿ ಕೂತಿದ್ದೆವು. ನನ್ನ ಬೆರಳಿಗೆ ನೂಲು ಸುತ್ತಿಕೊಂಡು ಬಿಡಿಸಲಾಗದೆ ಹೋದದ್ದು ಬೇರೆ ಕಥೆ. ಪಂಜದ ಸದ್ದಿಗೆ ಪಡಸಾಲೆ ನಡುಗುತ್ತಿತ್ತು.

“ಏಮಯ್ಯಾ ಈರಣ್ಣಾ, ಪನಿ ಎಲಾ ನಡೀತದೆ?” ಎಂದು ಅವರು ಕೇಳಿದರು. ಅಕ್ಷರ ತಪ್ಪಿರಲಿಲ್ಲ. ನನಗೆ ಎಂಥ ಹೆಮ್ಮೆ!

“ನಿಮ್ಮ ದಯದಿಂದ ಚಲೋ ಐತಿ ಸಾರ್.”

“ತೊಂದರೆ ಏಮೈನಾ?”

“ಛೇ ಛೇ, ಏನಿಲ್ರಿ.”

ಇನ್ಸ್‌ಪೆಕ್ಟರ ಮುಖ ಅರಳಿತು. “ಚಾಲಾ ಬಾಗುಂದಿ! ತಾಲ್ಲೂಕೆಲ್ಲಾ ಸುತ್ತಿದೆ, ನಿಂತ ಮಗ್ಗವೇ ನೋಡಿದೆ. ಓಡೋ ಕಾರ್ಖಾನಾ ನಿನ್ನದೊಂದೇ. ನಿನ್ನ ಪಾಲಿನ ನೂಲು ಪೆದ್ದಹರಿವಾಣ ಊರಿನ ನೇಕಾರರಿಗೆ ಬರೀತೀನಿ, ಪಾಪಂ, ಅವರಿಗೆ ಏನೂ ಇಲ್ಲ” ಎಂದು ಬೆನ್ನು ತಟ್ಟಿ ಹೊರಟೇ ಹೋದರು.

ಪಂಜದ ಸದ್ದು ನಿಂತಿತು. ಎಂಟು ಜನರೂ ಎಂಟು ಗೊಂಬೆ.

ಒಳಗಿನಿಂದ ಈರಣ್ಣನ ಹೆಂಡತಿ ಗೌರಮ್ಮ ಬಂದಳು. “ಏನಂದಾರ ಅವರು? ನಿಮ್ಮ ನೂಲು ಹರಿವಾಣಕ್ಕಂತ? ಬೆನ್ನು ತಟ್ಟಿಸಿಕೊಂಡ್ರಲ್ಲ, ಅದನ್ನೇ ಒಲಿ ಮ್ಯಾಲೆ ಇಟ್ಟು ಬೇಯಿಸ್ಲೇನು?”

“ಬರಿ ಮಗ್ಗ ತೋರಿಸಾಕ ಬರ್ತೈತೇನ ಗೌರಿ? ನಮ್ಮಪ್ಪನ ಕಾಲದಿಂದ…”

“ನಿಮ್ಮಪ್ಪ ಇದ್ದಿದ್ರ ನಿಮಗ ಎರಡು ಬಾರಿಸ್ತಿದ್ದ.” ನನ್ನ ಕಡೆ ತಿರುಗಿದಳು. “ನೀನೇನ್ಲೇ ಶಂಕ್ರ್ಯಾ, ಕಲಿಸೋದು ಕಲಿಸಿದಿ, ಒಂದು ಕಷ್ಟ ಹೇಳೋದು ಕಲಿಸಾಕ ಬಾಯಿ ಬಿದ್ದಿತ್ತೇನು?”

ಬಾಯಿ ಆಗ ಬಿತ್ತು. ನನ್ನ ಜನ್ಮದಲ್ಲಿ ಮೊದಲ ಸಲ.

ಹುಸೇನಪ್ಪ ತನ್ನ ಪಂಜವನ್ನು ಒರೆಸಿ, ಅರಿವೆಯಲ್ಲಿ ಸುತ್ತಿ, “ಶುಕ್ರವಾರದ ಗಾಡಿಗೆ ಹೋಗ್ತೀನಿ ಯಣ್ಣಾ” ಎಂದ. ಈರಣ್ಣ “ಹೂಂ” ಎಂದ. ಅವರಿಬ್ಬರ ನಡುವೆ ಬೈಗುಳವಿಲ್ಲದೆ ಮಾತು ಮುಗಿದದ್ದನ್ನು ನಾನು ಕಂಡದ್ದು ಅಂದೇ.

ಸಂಜೆ ನಾನು ಈರಣ್ಣನನ್ನು ಎಳೆದುಕೊಂಡು ಪ್ರವಾಸಿ ಬಂಗಲೆಗೆ ಹೋದೆ. ಇನ್ಸ್‌ಪೆಕ್ಟರು ವರಾಂಡದಲ್ಲಿ ಕಾಫಿ ಕುಡಿಯುತ್ತಿದ್ದರು. “ಬಾ ಈರಣ್ಣಾ, ಏಮಿ ಸಮಾಚಾರ?” ಎಂದರು.

ಈರಣ್ಣ ಕೈ ಮುಗಿದ. ಬಾಯಿ ತೆರೆದ. “ನಿಮ್ಮ ದಯದಿಂದ ಚಲೋ ಐತಿ ಸಾರ್” ಎಂದ!

ಅಯ್ಯೋ ದೇವರೇ! ಇಂಥ ಮನುಷ್ಯನನ್ನು ಯಾವ ಸರ್ಕಾರ ಕಾಪಾಡೀತು? ನನಗೆ ಇನ್ನೊಂದು ದಾರಿ ತೋಚಲಿಲ್ಲ. ನನಗೆ ಬರುವ ಒಂದೇ ವಿದ್ಯೆಯನ್ನು ಶುರು ಮಾಡಿದೆ. ಬಗಲಲ್ಲಿ ಇಲ್ಲದ ಕೊಡೆ ಸಿಕ್ಕಿಸಿದೆ. ಹೊಟ್ಟೆ ಮುಂದೆ ಮಾಡಿದೆ. “ಏಮಯ್ಯಾ ಈರಣ್ಣಾ” ಎಂದು ಅವರ ದನಿಯಲ್ಲಿ ಅವರೆದುರಿಗೇ ಶುರು ಮಾಡಿ, ಭಾನುವಾರದ ರಿಹರ್ಸಲ್ಲು, ಕಡ ತಂದ ಹಾಸು, ಕಡ ತಂದ ನೇಕಾರರು, ಕಡ ತಂದ ನಾನು, ಗೌರಮ್ಮ ಬೈದದ್ದು, ಕೊನೆಗೆ ಹುಸೇನಪ್ಪ ಪಂಜ ಸುತ್ತಿಟ್ಟದ್ದು, ಎಲ್ಲವನ್ನೂ ಆಡಿ ತೋರಿಸಿದೆ. ಬಂಗಲೆಯ ಜವಾನ ಗೋಡೆಗೆ ಮುಖ ಮಾಡಿ ನಿಂತ. ಅವನ ಹೆಗಲು ಕುಣಿಯುತ್ತಿತ್ತು. ಹುಸೇನಪ್ಪನ ಭಾಗ ಬಂದಾಗ ಆ ಕುಣಿತವೂ ನಿಂತಿತು.

ಇನ್ಸ್‌ಪೆಕ್ಟರು ಕಾಫಿಯ ಲೋಟ ಕೆಳಗಿಟ್ಟರು. ನನ್ನ ಕೆಲಸ ಹೋಯಿತು ಎಂದುಕೊಂಡೆ. (ಅವರು ನನ್ನ ಸಾಹೇಬರಲ್ಲ ಎಂಬುದು ಆಮೇಲೆ ನೆನಪಾಯಿತು.)

“ನಾನು ಹೀಗೆ ಮಾತಾಡ್ತೀನಾ?” ಎಂದು ಮೊದಲು ಕೇಳಿದರು. ಆಮೇಲೆ ಈರಣ್ಣನ ಕಡೆ ತಿರುಗಿ, “ಸುಳ್ಳು ಯಾಕೆ ಹೇಳಿದೆ?”

“ಸುಳ್ಳಲ್ರಿ ಸಾರ್” ಎಂದ ಈರಣ್ಣ. “ಮರ್ಯಾದಿ.”

“ಸರಿ. ನಾಳೆ ಬೆಳಿಗ್ಗೆ ಮತ್ತೆ ಬರ್ತೀನಿ. ಮಗ್ಗದ ಮೇಲೆ ಒಂದು ಎಳೆ ಕಂಡ್ರೂ ನಿನ್ನ ಹೆಸರು ಬರೆಯಲ್ಲ.”

ಸುಲಭದ ಮಾತೇ? ಹಾಸು ಏರಿಸುವುದಕ್ಕಿಂತ ಇಳಿಸುವುದು ಈರಣ್ಣನಿಗೆ ಕಷ್ಟವಾಯಿತು. ಮಂಗಳವಾರ ನಸುಕಿನಲ್ಲಿ ಗೌರಮ್ಮನೇ ನಿಂತು ಹುಸೇನಪ್ಪನ ಕೈಯಿಂದ ಇಳಿಸಿದಳು. ನೂಲನ್ನು ಸುತ್ತಿ ಖಾದರ್ ಸಾಹೇಬರ ಮನೆಗೆ ಮುಟ್ಟಿಸಿದಳು. ದುಪ್ಪಟಿ ಹೊದಿಸಲೂ ಬಿಡಲಿಲ್ಲ. ನಾಲ್ಕು ಮಗ್ಗಗಳು ಬರಿ ಕಟ್ಟಿಗೆಯಾಗಿ ಬೆಳಕಿನಲ್ಲಿ ನಿಂತವು. ನಾನು ಅಣಕಿಸಲು ಏನಾದರೂ ಹುಡುಕಿದೆ. ಏನೂ ಸಿಗಲಿಲ್ಲ.

ಇನ್ಸ್‌ಪೆಕ್ಟರು ಬಂದಾಗ ಈರಣ್ಣ ಹೊರಗೆ ಬೇವಿನ ಮರದ ಕಡೆ ಮುಖ ಮಾಡಿ ನಿಂತಿದ್ದ. ಒಳಗೆ ಬಾ ಎಂದರೂ ಬರಲೊಲ್ಲ. ಗೌರಮ್ಮ ಸೆರಗು ಹೊದ್ದು ಪಡಸಾಲೆಯ ನಡುವೆ ನಿಂತಳು.

“ನೋಡ್ರಿ ಸಾಹೇಬ್ರ. ನಾಕು ಮಗ್ಗ. ನಾಕೂ ನಿಂತಾವ. ಇದು ಅವರಿಬ್ರದು. ಈತ ಈ ಕಡಿ ಕೂಡ್ತಾನ, ನಮ್ಮವರು ಆ ಕಡಿ. ಈತ ಶುಕ್ರವಾರ ಸೊಲ್ಲಾಪುರಕ್ಕ ಹೊಂಟಾನ. ಹೋದ್ರ ನಮ್ಮವರು ಇನ್ನೊಬ್ಬರ ಜೋಡಿ ಕೂಡೋರಲ್ಲ, ಅದು ನನಗ ಗೊತ್ತೈತಿ. ನಮಗ ಧರ್ಮ ಬ್ಯಾಡ್ರಿ, ಕೆಲಸ ಕೊಡ್ರಿ. ನೇದಿದ್ದು ಚಲೋ ಇಲ್ದಿದ್ರ ವಾಪಸ್ ಕಳಸ್ರಿ.”

ಎಷ್ಟು ಸಣ್ಣ ಮಾತು! ನಾವು ಎಂಟು ಗಂಡಸರು ಸೇರಿ ರಿಹರ್ಸಲ್ ಮಾಡಿಯೂ ಆಡಲಾಗದ ಮಾತು.

ಇನ್ಸ್‌ಪೆಕ್ಟರು ಹೊಸ್ತಿಲ ಹೊರಗೆ ಬೂಟು ಬಿಚ್ಚಿದರು. (ಸೋಮವಾರ ಬಿಚ್ಚಿರಲಿಲ್ಲ.) ನಾಲ್ಕೂ ಮಗ್ಗದ ಹತ್ತಿರ ಹೋಗಿ ನೋಡಿದರು. ಬರೆದುಕೊಂಡರು. ಹೊರಗೆ ಬಂದು, ಬೇವಿನ ಮರದ ಕಡೆ ಮುಖ ಮಾಡಿ ನಿಂತವನ ಪಕ್ಕದಲ್ಲಿ ತಾವೂ ಬೇವಿನ ಮರವನ್ನೇ ನೋಡುತ್ತ ನಿಂತು, “ನಾಲ್ಕಕ್ಕೆ ಈಗ ನೂಲಿಲ್ಲ. ಎರಡಕ್ಕೆ ಕೊಡಿಸ್ತೀನಿ. ಹರಿವಾಣದವರಿಗೂ ಉಳೀಬೇಕು” ಎಂದರು.

ಈರಣ್ಣ ತಿರುಗಿ ನೋಡಿದ. “ಅವರಿಗೆ ಮೊದಲು ಕೊಡ್ರಿ ಸಾರ್” ಎನ್ನುವುದರಲ್ಲಿದ್ದ. ಬಾಯಿ ನೋಡಿದರೆ ನನಗೆ ಗೊತ್ತಾಗುತ್ತದೆ, ಅದೇ ನನ್ನ ಕಸುಬು. ನಾನು ಅವನ ಕಾಲು ತುಳಿದೆ.

ನೂಲು ಸಂಘದ ಗೋದಾಮಿನಲ್ಲೇ ಇತ್ತು. ಬೇಕಾಗಿದ್ದದ್ದು ಒಂದು ಸಹಿ. ಗುರುವಾರ ಮಧ್ಯಾಹ್ನ ಎತ್ತಿನ ಬಂಡಿ ಓಣಿಗೆ ಬಂತು. ಗೌರಮ್ಮ ನೂಲಿನ ಪಿಂಡಿಗಳಿಗೆ ಅರಿಶಿನ ಕುಂಕುಮ ಹಚ್ಚಿದಳು. ಮೊದಲ ಆರ್ಡರು ಶಾಲೆಗಳ ಜಮಖಾನೆ. ನಮ್ಮ ತಾಲ್ಲೂಕಿನ ಹುಡುಗರು ಇನ್ನು ಮೇಲೆ ನೆಲದ ತಂಪನ್ನು ದೂರಿ ಎದ್ದು ಹೋಗುವಂತಿಲ್ಲ, ಪಾಪ. ಜಲ್ಲಿ ಒಡೆಯಲು ಹೋಗಿದ್ದ ಇಬ್ಬರು ಕೈಯ ಬೊಕ್ಕೆ ತೋರಿಸುತ್ತ ಎರಡನೆಯ ಮಗ್ಗಕ್ಕೆ ಬಂದು ಕೂತರು. ಉಳಿದೆರಡು ಮಗ್ಗಗಳಿಗೆ ಮತ್ತೆ ದುಪ್ಪಟಿಯೇ. ಆದರೂ ಎರಡು ಎಂದರೆ ಸೊನ್ನೆಯಲ್ಲವಲ್ಲ?

ಶುಕ್ರವಾರ ನಾನು ಬೇಕೆಂದೇ ಗಾಡಿಯ ಹೊತ್ತಿಗೆ ಆ ಪಡಸಾಲೆಗೆ ಹೋದೆ. ಸ್ಟೇಷನ್ ಕಡೆಯಿಂದ ಸಿಳ್ಳು ಕೇಳಿಸಿತು. ಹುಸೇನಪ್ಪ ತಲೆ ಎತ್ತಲಿಲ್ಲ.

“ಕೈ ನೋಡ್ಲೇ, ಎಳಿ ಸಡ್ಲ ಬಿಡಾಕತ್ತೀದಿ” ಎಂದ ಈರಣ್ಣ.

“ನಿನ್ನ ಕಡೀದು ನೋಡ್ಕೋ ಯಣ್ಣಾ, ಮುದುಕ ಆಗೀದಿ” ಎಂದ ಹುಸೇನಪ್ಪ.

ಪಂಜ ಎರಡೂ ಒಟ್ಟಿಗೆ ಬಿದ್ದವು.

ನಗುತ್ತ ಹೊರಗೆ ಬಂದೆ. ಎದುರು ಮನೆಯ ಕಟ್ಟೆಯ ಮೇಲೆ ಖಾದರ್ ಸಾಹೇಬರು ಕೂತಿದ್ದರು. ತಮ್ಮ ನೂಲು ಕೊಟ್ಟು ನೆರೆಯವನ ಮಾನ ಕಾದವರು. ಅವರ ಎರಡು ಮಗ್ಗಗಳು ಒಳಗೆ ಕುಂಟುತ್ತ ಓಡುತ್ತಿದ್ದವು. ನನ್ನನ್ನು ಹತ್ತಿರ ಕರೆದು, ದನಿ ಇಳಿಸಿ ಕೇಳಿದರು:

“ಶಂಕರಪ್ಪ, ನಮ್ಮವೂ ಪೂರಾ ನಿಂತರೇನೇ ಸಾಹೇಬ್ರು ಬರ್ತಾರೇನು? ಅಥವಾ ಓಡೋವಾಗ್ಲೇ ಒಮ್ಮಿ ಬರಾಕ ಹೇಳಾಕ ಆಗ್ತೈತೇನು?”

ಇನ್ಸ್‌ಪೆಕ್ಟರು ಭಾನುವಾರದವರೆಗೆ ಬಂಗಲೆಯಲ್ಲೇ ಇದ್ದಾರೆ. ನಾಳೆ ಹೋಗಿ ಕೇಳುತ್ತೇನೆ, ಈ ಸಲ ನನ್ನ ದನಿಯಲ್ಲೇ. ಸಿಟ್ಟಾಗಲಾರರು, ಬೂಟು ಬಿಚ್ಚಲು ಕಲಿತ ಮನುಷ್ಯ. ಅಲ್ಲಿಯವರೆಗೆ ಓದುಗರೇ ಹೇಳಿ: ನಿಂತ ಮಗ್ಗವನ್ನು ಓಡಿಸುವ ಸರ್ಕಾರಕ್ಕೆ, ಓಡುವ ಮಗ್ಗ ನಿಲ್ಲದಂತೆ ನೋಡಿಕೊಳ್ಳುವುದು ಅಷ್ಟು ಕಷ್ಟವೇ?