ಅಕ್ಕಯ್ಯಮ್ಮ ಅವರೆಕಾಳು ಹಿದುಕಿದ ದಿನ

ಆಂಡರ್ಸನ್‌ಪೇಟೆಯ ಅಕ್ಕಯ್ಯಮ್ಮ ಮದುವೆಯಾಗಿ ಬಂದಾಗಿನಿಂದ ಒಂದೇ ಒಂದು ಅವರೆಕಾಳು ಹಿದುಕಿದವಳಲ್ಲ. ಚಳಿಗಾಲ ಬಂದರೆ ಪಕ್ಕದ ಮನೆಯ ಪಿಳ್ಳಮ್ಮ ಬಂಗಾರಪೇಟೆಯಿಂದ ಕಾಯಿ ತರಿಸಿ, ಸುಲಿದು, ಕಾಳು ನೆನೆಹಾಕುತ್ತಾಳೆ. ಮಧ್ಯಾಹ್ನ ಹೆಂಗಸರೆಲ್ಲ ಅವಳ ಜಗಲಿಯಲ್ಲಿ ಬೇಸಿನ್ ಸುತ್ತ ಕೂತು ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಚಿಮ್ಮಿಸುತ್ತಾರೆ. ಅಕ್ಕಯ್ಯಮ್ಮ ಕತೆ ಓದುತ್ತಾಳೆ. ಓದುವವಳು ಹಿದುಕಬೇಕಾಗಿಲ್ಲ, ಸಾರು ಮಾತ್ರ ಅವಳ ಮನೆಗೂ ಹೋಗಬೇಕು ಎಂಬುದು ಆ ಜಗಲಿಯ ಕಾನೂನು. ಕಾನೂನು ಮಾಡಿದವಳು ಅಕ್ಕಯ್ಯಮ್ಮನೇ.

ಹಿಂದೆ ಲೈಬ್ರರಿ ಪುಸ್ತಕ, ಈಗ ಮೊಬೈಲು. ಈ ಸಲದ ಕತೆಯಿದ್ದ ವೆಬ್‌ಸೈಟಿಗೆ ಒಂದು ಚಟವಿತ್ತು. ಸ್ವಲ್ಪ ಹೊತ್ತಿಗೊಮ್ಮೆ ಯಾರೂ ಕೇಳದಿದ್ದರೂ ತಾನೇ ಮತ್ತೆ ಲೋಡ್ ಆಗಿ ಮೊದಲ ಸಾಲಿಗೆ ಹಾರುತ್ತಿತ್ತು. ಕತೆಯ ಅತ್ತೆ ಬೀರು ತೆರೆದಳು ಎನ್ನುವಷ್ಟರಲ್ಲಿ ಸೀರೆ ಅಂಗಡಿಯ ಜಾಹೀರಾತು.

"ಏನಕ್ಕಾ, ಮೊನ್ನೆಯಿಂದ ಅವ್ಳು ಬೀರು ತೆಗೀತಾನೇ ಅವ್ಳೆ! ಓದಕ್ಕಾಗ್ದಿದ್ರೆ ಬಾ, ಇದುಕು" ಎಂದಳು ಪಿಳ್ಳಮ್ಮ.

"ನಾನೇನ್ಮಾಡ್ಲೇ? ಅದೇ ಮೇಲಕ್ಕೋಗ್ತೈತೆ."

"ಓಗ್ದಂಗೆ ಅದುಮಿಟ್ಕೋ."

ಅಕ್ಕಯ್ಯಮ್ಮ ಹೆಬ್ಬೆರಳಿಂದ ಅದುಮಿದಳು. ಸೀರೆ ಅಂಗಡಿಯೇ ತೆರೆದುಕೊಂಡಿತು.

"ನಂಗೂ ಒಂದು ತಗೊಳಕ್ಕಾ!" ಎಂದಳು ಪಿಳ್ಳಮ್ಮ.

ಜಗಲಿ ನಗೆಯಲ್ಲಿ ಮುಳುಗಿತು. ಪಿಳ್ಳಮ್ಮ ಬೇಸಿನ್ನನ್ನು ತನ್ನತ್ತ ತಳ್ಳಿದ್ದನ್ನು ಕಂಡು ಅಕ್ಕಯ್ಯಮ್ಮ ಹಿಂದಕ್ಕೆ ಸರಿದು ಕೂತಳು. ಆಗ ಪಿಳ್ಳಮ್ಮನ ಸೊಸೆ ಅರುಣಕುಮಾರಿ ಬಗ್ಗಿ ನೋಡಿದಳು.

"ದೊಡ್ಡಮ್ಮ, ಮೇಲ್ಗಡೆ ಹಾಳೆ ಗುರುತು ಐತಲ್ಲ, ಅದನ್ನೊತ್ತಿ. ರೀಡರ್ ಮೋಡ್ ಅಂತಾರೆ. ಬರೀ ಕತೆ ಉಳ್ಕೊಳ್ತೈತೆ, ತಾನಾಗೇ ಲೋಡ್ ಆಗಲ್ಲ."

ಒತ್ತಿದಳು. ಜಾಹೀರಾತು ಮಾಯವಾಯಿತು, ಪುಟ ಅಲುಗಾಡದೆ ನಿಂತಿತು. ಅಕ್ಕಯ್ಯಮ್ಮ ಗಂಟಲು ಸರಿಮಾಡಿಕೊಂಡು ಒಂದೇ ಓಟದಲ್ಲಿ ಓದಿದಳು. ಬೀರು ತೆರೆಯಿತು, ಒಡವೆ ಸಿಕ್ಕಿತು, ಕಳ್ಳ ಸಿಕ್ಕಿಬಿದ್ದ, ಮದುವೆಯೂ ಆಗಿಹೋಯಿತು. ತಲೆಯೆತ್ತಿ ನೋಡಿದರೆ ಬೇಸಿನ್ನಿನಲ್ಲಿ ಇನ್ನೂ ಅರ್ಧದಷ್ಟು ಕಾಳು ಹಾಗೇ ಇತ್ತು.

"ಮುಗೀತಾ?" ಎಂದಳು ಪಿಳ್ಳಮ್ಮ.

"ಮುಗೀತು."

"ಅಂಗಾದ್ರೆ ಈಗ ನೀನು ಓದ್ತಾ ಇಲ್ಲ." ಪಿಳ್ಳಮ್ಮ ಸರಿದು ಜಾಗ ಬಿಟ್ಟಳು.

ಕಾನೂನು ಕಾನೂನೇ. ಅಕ್ಕಯ್ಯಮ್ಮ ಹಿದುಕಿದ ಮೊದಲ ಕಾಳು ಹಾರಿ ಪಿಳ್ಳಮ್ಮನ ತುರುಬಿನಲ್ಲಿ ಕೂತಿತು. ಸಂಜೆಗೆ ಅವಳ ಬೆರಳೆಲ್ಲ ಸುಕ್ಕುಗಟ್ಟಿತ್ತು.

ಮಾರನೆಯ ದಿನ ಹೊಸ ಕತೆ, ಹೊಸ ಕಾಳು. ಅರುಣಕುಮಾರಿ ನೆನಪಿಸಿದಳು: "ದೊಡ್ಡಮ್ಮ, ಆ ಗುರುತು ಒತ್ತಿದ್ರಾ?"

"ಅದ್ಯಾಕೋ ಕಣ್ಣಿಗೆ ಇಡ್ಸಲ್ಲ ಕಣಮ್ಮ. ಇಂಗೇ ಓದ್ತೀನಿ."

ನಾಯಕಿ ಬಾವಿಯ ಕಟ್ಟೆ ಹತ್ತುವಷ್ಟರಲ್ಲಿ ಪುಟ ಹಾರಿತು.

"ಅಯ್ಯೋ, ಮತ್ತೆ ಮೇಲಕ್ಕೋಯ್ತಲ್ರೇ!" ಎಂದು ಅಕ್ಕಯ್ಯಮ್ಮ ಕಾಲು ಚಾಚಿ ಗೋಡೆಗೊರಗಿ, ಮೊದಲ ಸಾಲಿನಿಂದ ನಿಧಾನವಾಗಿ ಶುರುಮಾಡಿದಳು.