ಮಾಮನ ಗೇಣು

ಆಗ ನಮ್ಮ ವಾಮದಪದವಿನ ಶಾಲೆಯ ಮಕ್ಕಳಿಗೆಲ್ಲ ಅಳೆಯುವ ಹುಚ್ಚು ಹಿಡಿದಿತ್ತು. ಒಂದನೇ ತರಗತಿಯವರ ಕೈಗೆ ಸ್ಕೇಲು ಕೊಡುವ ಮೊದಲು ಕೈಯಿಂದಲೇ ಅಳೆಯಲು ಕಲಿಸಬೇಕು ಎನ್ನುವುದು ಪದ್ಮಾವತಿ ಟೀಚರ್ ಹಠ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಚಾಚಿದರೆ ಒಂದು ಗೇಣು. ಬೆಂಚು, ಬಾಗಿಲು, ಒದ್ದೆ ಕೊಡೆ, ಮುಂದಿನ ಸಾಲಿನವಳ ಜಡೆ, ಯಾವುದನ್ನೂ ನಾವು ಬಿಡಲಿಲ್ಲ. ಉಮ್ಮ ಕಾವಲಿಯಿಂದ ಇಳಿಸಿದ ಅಕ್ಕಿರೊಟ್ಟಿಯನ್ನು ಅಳೆಯಲು ಹೋಗಿ ನಾನು ಬೆರಳು ಸುಟ್ಟುಕೊಂಡದ್ದೂ ಉಂಟು. ಆ ಹುಚ್ಚು ಇಲ್ಲದಿದ್ದರೆ ಬಿರುಕನ್ನು ಯಾರೂ ನೋಡುತ್ತಿರಲಿಲ್ಲ. ನೋಡಿಯೂ ಏನಾಯಿತು ಎಂದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆ ಮಳೆಗಾಲದಲ್ಲಿ ಉಮ್ಮನ ಅಣ್ಣ, ನನ್ನ ಮಾಮ, ದುಬೈಯಿಂದ ರಜೆಗೆ ಬಂದು ನಮ್ಮ ಮನೆಯಲ್ಲಿದ್ದರು. ಮನೆಯ ಹಿಂದಿನ ಗುಡ್ಡೆಯನ್ನು ಕಡಿಸಿ, ಆ ಜಾಗದಲ್ಲಿ ಒಂದು ಕೋಣೆ ಕಟ್ಟಿಸಿದ್ದರು. ಕಿಟಕಿ ತೆರೆದರೆ ಎದುರಿಗೇ ಕಡಿದ ಗುಡ್ಡೆಯ ಕೆಂಪು ಮಣ್ಣಿನ ಬರೆ, ಗೋಡೆಯ ಹಾಗೆ ನೇರವಾಗಿ ನಿಂತಿತ್ತು. ಮಧ್ಯಾಹ್ನ ಊಟವಾದ ಮೇಲೆ ಮಾಮ ಅಲ್ಲೇ ಮಲಗುತ್ತಿದ್ದರು. ಸಂಜೆ ಎದ್ದವರೇ ನನ್ನ ಅಂಗೈಯನ್ನು ತಮ್ಮ ಅಂಗೈಗೆ ಒತ್ತಿ ಹಿಡಿಯುತ್ತಿದ್ದರು. ನನ್ನ ಬೆರಳ ತುದಿ ಅವರ ಬೆರಳಿನ ನಡುಗೆರೆಯನ್ನೂ ಮುಟ್ಟುತ್ತಿರಲಿಲ್ಲ.

"ಬೇಗ ಬೆಳಿ ಸಫಿಯಾ. ನನ್ನ ಕೈಯಷ್ಟಾದ ದಿವಸ ಹೇಳು, ಬಳೆ ತರ್ತೇನೆ."

ಆಟಿ ತಿಂಗಳ ಮಳೆ ಸ್ವಲ್ಪ ಬಿಟ್ಟಿದ್ದ ಒಂದು ಸಂಜೆ, ಅಳೆಯಲು ಮನೆಯೊಳಗೆ ಏನೂ ಉಳಿಯದೆ ನಾನು ಬರೆಯ ಮೇಲಕ್ಕೆ ಹತ್ತಿದೆ. ಹುಲ್ಲಿನ ನಡುವೆ ನೆಲ ಬಿರುಕು ಬಿಟ್ಟಿತ್ತು. ಅಳೆದೆ, ಹತ್ತು ಗೇಣು. ಅದರೊಳಗಿಂದ ಹಳೆಯ ಬಾವಿಯ ವಾಸನೆ ಬರುತ್ತಿತ್ತು. ಕೆಲವು ದಿನ ಬಿಟ್ಟು ಮತ್ತೆ ಅಳೆದಾಗ ಹದಿನೇಳಾಯಿತು. ಕೆಳಗೆ ನೋಡಿದರೆ ಮಾಮನ ಕೋಣೆಯ ಶೀಟು ಹೊದಿಸಿದ ಮಾಡು. ಹೆದರಿಕೆಯಾಗಿ ಓಡಿಬಂದೆ.

"ಬಿರುಕು ಬೆಳೀತಾ ಉಂಟು ಉಮ್ಮಾ. ಹತ್ತು ಇದ್ದದ್ದು ಹದಿನೇಳಾಯ್ತು."

ಉಮ್ಮನ ಮುಖ ಸಣ್ಣದಾಯಿತು. ಒಮ್ಮೆ ನೋಡಿ ಬನ್ನಿ ಎಂದು ಮಾಮನನ್ನು ಕಳಿಸಿದರು. ಮಾಮ ಲುಂಗಿ ಎತ್ತಿ ಕಟ್ಟಿ ಹತ್ತಿದರು. ನನ್ನೆದುರೇ, ನಾನು ಅಳೆದ ತುದಿಯಿಂದಲೇ, ತಮ್ಮ ಅಗಲ ಕೈಯಿಂದ ಗೇಣು ಹಾಕುತ್ತಾ ಹೋದರು. ಹತ್ತಕ್ಕೆ ಬಿರುಕು ಮುಗಿಯಿತು.

"ಹತ್ತೇ ಉಂಟು" ಎಂದರು ಕೆಳಗಿಳಿದು ಬಂದು. "ಇವಳಿಗೆ ಲೆಕ್ಕ ತಪ್ಪಿದ್ದು. ಸುಮ್ಮನೆ ಹೆದರಿಸ್ತಾಳೆ ಮಾರಾಯ್ತಿ."

ಉಮ್ಮ ನಕ್ಕರು. ನನಗೂ ಸಮಾಧಾನವಾಯಿತು. ದೊಡ್ಡವರ ಲೆಕ್ಕ ತಪ್ಪುತ್ತದೆಯೇ? ಹಲಸಿನ ಬೀಜ ಸುಟ್ಟು ತಿನ್ನುತ್ತಾ ಕುಳಿತಿದ್ದಾಗ, ಹಿಂದಿನ ಕೋಣೆಯ ಬಾಗಿಲು ಯಾಕೋ ಸರಿಯಾಗಿ ಮುಚ್ಚುತ್ತಿಲ್ಲ ಎಂದು ಮಾಮ ಹೇಳಿದರು. ಮಳೆಗೆ ಮರ ಉಬ್ಬಿರಬೇಕು ಎಂದರು ಉಮ್ಮ.

ಮರುದಿನ ಮಧ್ಯಾಹ್ನ ಶಾಲೆಯಲ್ಲಿ ಟೀಚರ್ ಒಂದು ಬೆಂಚನ್ನು ಮೊದಲು ನನ್ನಿಂದ ಅಳೆಸಿದರು, ಮತ್ತೆ ತಾವು ಅಳೆದರು. ಅವರದ್ದು ತುಂಬ ಕಡಿಮೆ ಬಂತು.

"ನಾನು ಅಳೆದ ಕೂಡಲೇ ಬೆಂಚು ಗಿಡ್ಡ ಆಯಿತಾ ಮಕ್ಕಳೇ?"

"ಇಲ್ಲಾ ಟೀಚರ್" ಎಂದು ಎಲ್ಲರೂ ರಾಗ ಎಳೆದರು. ನಾನು ಮಾತ್ರ ನನ್ನ ಅಂಗೈಯನ್ನೇ ನೋಡುತ್ತಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಸಂಜೆ ಸಂಜೆ ಅಂಗೈಗೆ ಅಂಗೈ ಹಚ್ಚಿ ಕೂರುತ್ತಿದ್ದ ನಮಗಿಬ್ಬರಿಗೂ ಮಾಮನ ಹತ್ತು ನನ್ನ ಹತ್ತಲ್ಲ ಎನ್ನುವುದು ಹೊಳೆದಿರಲಿಲ್ಲ.

"ಎಂತ ಆಯ್ತು ಸಫಿಯಾ?"

ಹತ್ತು, ಹದಿನೇಳು, ಆಮೇಲೆ ಮಾಮನ ಹತ್ತು, ಎಲ್ಲ ಹೇಳಿದೆ. ಟೀಚರ್ ಸೀಮೆಸುಣ್ಣ ಕೆಳಗಿಟ್ಟರು. "ಆ ಕೋಣೆಯಲ್ಲಿ ಈಗ ಯಾರಿದ್ದಾರೆ?" ಎಂದು ಕೇಳುತ್ತಲೇ ಫೋನು ತೆಗೆದರು.

ನಮ್ಮ ಮನೆಯೊಳಗೆ ಫೋನು ರಿಂಗಾದರೂ ಮಾತು ಕೇಳಿಸುತ್ತಿರಲಿಲ್ಲ. ರೇಂಜಿಗಾಗಿ ಗೇಟಿನವರೆಗೆ ಹೋಗಬೇಕಿತ್ತು. ಉಮ್ಮ ಅಡುಗೆಮನೆಯಿಂದ ಗೇಟಿಗೆ ಬಂದು, "ಈಗ ಹೇಳಿ ಟೀಚರ್" ಎಂದರಂತೆ. ಎಲ್ಲರೂ ಮನೆಯಿಂದ ಹೊರಗೆ ಬನ್ನಿ ಎಂದದ್ದು ಕೇಳಿ, ಮಾಮನನ್ನು ಎಬ್ಬಿಸಲು ತಿರುಗುವಾಗ ಬರೆ ಜರಿಯಿತು. ಅಡುಗೆಮನೆಯೂ ಹಿಂದಿನ ಕೋಣೆಯೂ ಮಣ್ಣಿನಡಿಗೆ ಹೋದವು.

ಮಾಮನನ್ನು ಪಕ್ಕದ ಮನೆಯ ಚಾವಡಿಯಲ್ಲಿ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಒಮ್ಮೆ ಅವರ ಕೈಗೆ ಕೈ ಹಚ್ಚಿ ನೋಡಬೇಕು ಎಂದೆ. ಹೆಂಗಸರು ನನ್ನನ್ನು ಎತ್ತಿಕೊಂಡು ಹೊರಗೆ ಹೋದರು.

ಈಗ ನಾನೇ ತೋಡಾರಿನ ಹತ್ತಿರದ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಅಳತೆ ಕಲಿಸುತ್ತೇನೆ. ಗೇಣಿನ ಪಾಠದ ದಿನ ಒಂದೊಂದೇ ಪುಟ್ಟ ಕೈಯನ್ನು ನನ್ನ ಕೈಗೆ ಒತ್ತಿ ಹಿಡಿದು, "ಯಾರ ಗೇಣು ಅಂತ ಹೇಳದೆ ಎಷ್ಟು ಗೇಣು ಅಂತ ಹೇಳಬಾರದು" ಎನ್ನುತ್ತೇನೆ. ಅವರಿಗೆ ನಗು ಬರುತ್ತದೆ. ಶಾಲೆಯ ದಾರಿಯಲ್ಲಿ ರಸ್ತೆಗಾಗಿ ಗುಡ್ಡೆ ಕಡಿದಿದ್ದಾರೆ, ಮಳೆ ಬಂದರೆ ನಾನು ಅದರ ಮೇಲಿನಿಂದ ಕಣ್ಣು ತೆಗೆಯುವುದಿಲ್ಲ. ನನ್ನ ಗೇಣು ಸ್ಕೇಲಿನಲ್ಲಿ ಎಷ್ಟೆಂದು ನನಗೆ ಸರಿಯಾಗಿ ಗೊತ್ತು. ಅದು ಮಾಮನ ಕೈಯಷ್ಟಾಯಿತೋ ಇಲ್ಲವೋ, ಅದು ಮಾತ್ರ ಗೊತ್ತಿಲ್ಲ.